ಚೇಷ್ಟೆ ಪ್ರಮಾಣಪತ್ರ

ಕಳೆದ ವರ್ಷದ ಎರಡನೆಯ ತಿಂಗಳು ಹದಿನಾಲ್ಕನೆಯ ತಾರೀಕು, ಬೆಳಿಗ್ಗೆ ಹನ್ನೊಂದೂಕಾಲಿಗೆ, ನಮ್ಮ ಔಷಧ ಉಗ್ರಾಣದಲ್ಲಿದ್ದ ಮೂರ್ಛೆರೋಗದ ಮಾತ್ರೆಯು ಅಧಿಕೃತವಾಗಿ ಚೇಷ್ಟೆಯ ಮಾತ್ರೆಯಾಯಿತು. ಆ ಕ್ಷಣದಿಂದ ನಮ್ಮ ಕಚೇರಿಯ ವ್ಯಾಪ್ತಿಯಲ್ಲಿ ಮೂರ್ಛೆರೋಗಿಗಳು ಯಾರೂ ಇಲ್ಲ. ಮಾತ್ರೆ ಅದೇ, ಡಬ್ಬಿ ಅದೇ, ಡಬ್ಬಿಯ ಮೇಲಿನ ಧೂಳೂ ಅದೇ. ಬದಲಾದದ್ದು ದಾಸ್ತಾನು ರಿಜಿಸ್ಟರಿನ ಆರನೇ ಕಾಲಂ ಮಾತ್ರ. ಬದಲಾಯಿಸಿದ ಕೈ ನನ್ನದು.

ನಾನು ಆ ಉಗ್ರಾಣದ ರಿಜಿಸ್ಟರ್ ಗುಮಾಸ್ತ. ಬೇರೆ ಕಡೆ ಅಚ್ಚಾದ ರಿಜಿಸ್ಟರ್ ಬಳಸುತ್ತಾರೆ, ನಮ್ಮಲ್ಲಿ ನಾನೇ ಗೆರೆ ಹಾಕುತ್ತೇನೆ. ಸ್ಟೀಲ್ ಸ್ಕೇಲು, ಕಪ್ಪು ಶಾಯಿ, ಇಪ್ಪತ್ತಾರು ವರ್ಷ. ಒಂದು ಗೆರೆ ಸೊಟ್ಟಗಾಗಿದ್ದರೆ ಬಂದು ತೋರಿಸಲಿ. ಆರನೇ ಕಾಲಮ್ಮಿನ ಹೆಸರು ‘ಉದ್ದೇಶ’. ಅಗಲ ಎರಡು ಬೆರಳು. ಅದರಲ್ಲಿ ಒಂದು ಪದ ಹಿಡಿಸುತ್ತದೆ. ಕೆಲಸಕ್ಕೆ ಸೇರಿದ ಏಳನೇ ವರ್ಷ ಒಂದು ಔಷಧಕ್ಕೆ ‘ಕೆಮ್ಮು, ನೆಗಡಿ’ ಎಂದು ಬರೆದಿದ್ದೆ, ನೆಗಡಿಯ ಕೊನೆಯ ಅಕ್ಷರ ಗೆರೆ ದಾಟಿಬಿಟ್ಟಿತು. ಆಡಿಟ್‌ನವರು ಆ ಒಂದು ಅಕ್ಷರಕ್ಕೆ ಮೂರು ವರ್ಷ ನನ್ನಿಂದ ಉತ್ತರ ಬರೆಸಿದರು. ಅಂದಿನಿಂದ ನಮ್ಮಲ್ಲಿ ಒಂದು ಔಷಧಕ್ಕೆ ಒಂದೇ ಉದ್ದೇಶ. ಆಚೆಯವರು ನಗುತ್ತಾರೆ, ನಗಲಿ, ಅವರ ಹಲ್ಲು ಅವರದು.

ಇಷ್ಟಕ್ಕೆಲ್ಲ ಮೂಲ ಪೆಟ್ಟಿಗೆಗಳು. ನಮ್ಮ ವ್ಯಾಪ್ತಿಯ ಮೂವತ್ತೊಂದು ಜನ ಮೂರ್ಛೆರೋಗಿಗಳಿಗೆ ವರ್ಷಕ್ಕೆ ನಲವತ್ತೆರಡು ಡಬ್ಬಿ ಮಾತ್ರೆ ಬೇಕು. ಬಂದದ್ದು ನಲವತ್ತೆರಡು ಪೆಟ್ಟಿಗೆ. ಒಂದೊಂದು ಪೆಟ್ಟಿಗೆಯಲ್ಲಿ ಇನ್ನೂರು ಡಬ್ಬಿ. ಬೇಡಿಕೆ ಪತ್ರ ಬರೆದವರು ನಮ್ಮ ದೊಡ್ಡ ಸಾಹೇಬರು, ಆದ್ದರಿಂದ ತಪ್ಪು ಆಗಿರಲಿಲ್ಲ. ಆದರೆ ಮಾತ್ರೆಗಳ ಅವಧಿ ಹತ್ತೇ ತಿಂಗಳಲ್ಲಿ ಮುಗಿಯುತ್ತಿತ್ತು. ಅವಧಿ ಮೀರಿದ ಔಷಧ ಕಪಾಟಿನಲ್ಲಿ ಸಿಕ್ಕರೆ ಉಗ್ರಾಣದ ಮುಖ್ಯಸ್ಥರು ಕೇಂದ್ರ ಕಚೇರಿಗೆ ಹೋಗಿ, ನಿಂತುಕೊಂಡು, ವಿವರಣೆ ಕೊಡಬೇಕೆಂಬುದು ನಿಯಮ. ಸಾಹೇಬರಿಗೆ ಮಂಡಿನೋವು.

ಪೆಟ್ಟಿಗೆಗಳು ವರಾಂಡದಲ್ಲಿ, ಮೆಟ್ಟಿಲ ಕೆಳಗೆ, ಕೊನೆಗೆ ಸಾಹೇಬರ ಕೋಣೆಯಲ್ಲೂ ತುಂಬಿದವು. ಅವರು ಪೆಟ್ಟಿಗೆಗಳ ಸಂದಿಯಿಂದ ಸಹಿ ಮಾಡುತ್ತಿದ್ದರು. ಆ ಸಮಯಕ್ಕೆ ಸರಿಯಾಗಿ ಆಸ್ಪತ್ರೆಯ ಸಭಾಂಗಣದಲ್ಲಿ ಮೂರ್ಛೆರೋಗದ ಡಾಕ್ಟರಮ್ಮನ ಉಪನ್ಯಾಸ ಏರ್ಪಾಡಾಗಿತ್ತು. ಕುರ್ಚಿ ಇರುತ್ತದೆಂದು ಸಾಹೇಬರು ಹೋದರು. ಡಾಕ್ಟರಮ್ಮ ಬಹಳ ಎಚ್ಚರದಿಂದ ಮಾತಾಡುವ ಹೆಂಗಸು. ಒಂದು ಕಡೆ ಆಕೆ ಹೇಳಿದ್ದು ಇಷ್ಟು: “ಗಮನ ನಿಲ್ಲದ, ವಿಪರೀತ ಚಂಚಲವಾಗಿರೋ ಮಕ್ಕಳಲ್ಲಿ ಕೆಲವರಿಗೆ, ಅದೂ ತಲೆಯ ಪರೀಕ್ಷೆ ಎಲ್ಲ ಮಾಡಿ, ಬೇರೆ ದಾರಿ ಕಾಣದಿದ್ದಾಗ, ಕೆಲವು ಡಾಕ್ಟರುಗಳು ಮೂರ್ಛೆಯ ಮಾತ್ರೆ ಕೊಟ್ಟು ನೋಡಿದ್ದಾರೆ. ಎಷ್ಟು ಉಪಯೋಗ ಅಂತ ಗಟ್ಟಿಯಾಗಿ ಹೇಳೋಕೆ ಬರಲ್ಲ. ಮಕ್ಕಳು ಮಂಕಾಗ್ತಾರೆ, ನಿದ್ದೆ ಬರುತ್ತೆ. ದಯವಿಟ್ಟು ಇದನ್ನ ಎಲ್ಲರಿಗೂ ಅಂತ ತಿಳ್ಕೋಬೇಡಿ.”

ಸಾಹೇಬರು ಡೈರಿಯಲ್ಲಿ ಬರೆದುಕೊಂಡದ್ದು ಒಂದೇ ಮಾತು: ‘ಕೊಟ್ಟಿದ್ದಾರೆ.’

ಮಾರನೆಯ ದಿನ ‘ಗಮನ ವರ್ಧನ ಅಭಿಯಾನ’ ಜಾರಿಗೆ ಬಂತು. ಸುತ್ತೋಲೆಯ ಕರಡು ನಾನೇ ಬರೆದೆ, ಅದರ ಭಾಷೆಯನ್ನು ಬಹಳ ಜನ ಮೆಚ್ಚಿದ್ದಾರೆ. “ಶಾಲಾ ಮಕ್ಕಳಲ್ಲಿ ಚೇಷ್ಟೆಯು ಆತಂಕಕಾರಿ ಪ್ರಮಾಣದಲ್ಲಿ ದಾಸ್ತಾನಾಗಿರುವುದು ಈ ಕಚೇರಿಯ ಗಮನಕ್ಕೆ ಬಂದಿರುತ್ತದೆ” ಎಂದು ಅದು ಶುರುವಾಗುತ್ತದೆ. ಜೊತೆಗೆ ನಮೂನೆ ಒಂಬತ್ತು. ಅದರಲ್ಲಿ ಚೇಷ್ಟೆಯ ಒಂಬತ್ತು ಲಕ್ಷಣ, ಐದು ಇದ್ದರೆ ಸಾಕು: ಕಿಟಕಿಯಾಚೆ ನೋಡುವುದು, ಬೆಂಚು ಅಲ್ಲಾಡಿಸುವುದು, ಬೆಂಚಿನ ಕೆಳಗೆ ಹೋಗುವುದು, ಪಕ್ಕದವರ ಜಡೆ ಎಳೆಯುವುದು, ಬಾಯಲ್ಲಿ ಸದ್ದು ಮಾಡುವುದು, ಕರೆದರೆ ತಿರುಗದಿರುವುದು, ಕೇಳದೆ ಇನ್ನೊಬ್ಬರ ವಸ್ತು ತೆಗೆದುಕೊಳ್ಳುವುದು, ನೆಲದ ಮೇಲೆ ಹೊರಳುವುದು, ಮತ್ತು ದೊಡ್ಡವರಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳುವುದು. ಕೊನೆಯದನ್ನು ಸಾಹೇಬರು ತಮ್ಮ ಸ್ವಂತ ಅನುಭವದಿಂದ ಸೇರಿಸಿದರು.

ಮಾತ್ರೆಗಳನ್ನು ಅಭಿಯಾನಕ್ಕೆ ಕಳಿಸಬೇಕಾದರೆ ರಿಜಿಸ್ಟರಿನ ಉದ್ದೇಶ ಬದಲಾಗಬೇಕಲ್ಲ. ನಾನು ‘ಫಿಟ್ಸ್’ ಎಂಬ ಪದದ ಮೇಲೆ ಸ್ಕೇಲಿಟ್ಟು ಗೆರೆ ಎಳೆದು, ಮೇಲೆ ‘ಚೇಷ್ಟೆ’ ಎಂದು ಬರೆದು, ಚಿಕ್ಕ ಸಹಿ ಹಾಕಿದೆ. ಹನ್ನೊಂದೂಕಾಲು.

ಡಾಕ್ಟರಮ್ಮ ಎರಡು ಪುಟದ ಆಕ್ಷೇಪಣೆ ಬರೆದು ಕಳಿಸಿದರು. ಅದನ್ನು ‘ತಜ್ಞರ ಅಭಿಪ್ರಾಯ ಪಡೆಯಲಾಗಿದೆ’ ಎಂಬ ಕಡತದಲ್ಲಿ ಸೇರಿಸಿದೆವು.

ಅಭಿಯಾನ ಮೊದಲ ತಿಂಗಳೇ ಭರ್ಜರಿಯಾಗಿ ನಡೆಯಿತು. ನಲವತ್ತು ಮಕ್ಕಳಿದ್ದ ಒಂದು ತರಗತಿಯಿಂದ ನಲವತ್ಮೂರು ಚೇಷ್ಟೆಯ ಮಕ್ಕಳ ಪಟ್ಟಿ ಬಂತು. ಆಗ ನಿಯಮ ಏಳನ್ನು ಸೇರಿಸಬೇಕಾಯಿತು: ಇನ್ನು ಮುಂದೆ ಸಾಹೇಬರು ಮತ್ತು ಡಾಕ್ಟರು ಇರುವ ಸಮಿತಿಯೇ ತರಗತಿಗೆ ಹೋಗಿ, ಚೇಷ್ಟೆಯನ್ನು ಕಣ್ಣಾರೆ ಕಂಡು, ಪ್ರಮಾಣಪತ್ರ ಕೊಡತಕ್ಕದ್ದು. ಮಾತ್ರೆ ನುಂಗಿದ ಮಕ್ಕಳು ಬೆಂಚಿನ ಮೇಲೆ ತಲೆಯಿಟ್ಟು ಮಲಗಿದರು. ಶಾಲೆಗಳಲ್ಲಿ ಗಡಿಯಾರದ ಸದ್ದು ಕೇಳುವಂತಾಯಿತು. ‘ಮಕ್ಕಳು ಒಂದೇ ವಿಷಯದ ಕಡೆಗೆ ಸತತ ನಾಲ್ಕು ಗಂಟೆ ಗಮನ ಹರಿಸುತ್ತಿದ್ದಾರೆ’ ಎಂದು ನಾನು ವರದಿ ಬರೆದೆ. ವಿಷಯ ಯಾವುದೆಂದು ಬರೆಯಲು ಕಾಲಂ ಇರಲಿಲ್ಲ.

ಎಲ್ಲ ಸುಸೂತ್ರವಾಗಿತ್ತು. ಒಂದನೇ ತಾರೀಕು ನನ್ನ ಅಕ್ಕ ಔಷಧದ ಕಿಟಕಿಗೆ ಬಂದಳು.

ಅಕ್ಕನಿಗೆ ಒಬ್ಬಳೇ ಮಗಳು, ಒಂಬತ್ತು ವರ್ಷ. ಕೂರಿಸಿದ ಕಡೆ ಕೂರುತ್ತಾಳೆ, ಹೇಳಿದ್ದನ್ನು ಕಣ್ಣು ಮಿಟುಕಿಸದೆ ಕೇಳುತ್ತಾಳೆ, ಅದಕ್ಕೇ ಮನೆಯಲ್ಲಿ ಅವಳನ್ನು ಗೊಂಬೆ ಅನ್ನುತ್ತೇವೆ. ಗೊಂಬೆಗೆ ಫಿಟ್ಸ್ ಇದೆ. ಮೂರು ವರ್ಷದ ಹಿಂದೆ ಶಾಲೆಯ ನಲ್ಲಿಕಟ್ಟೆಯ ಹತ್ತಿರ ಬಿದ್ದು ಗದ್ದ ಒಡೆದುಕೊಂಡಿದ್ದಳು, ನಾಲ್ಕು ಹೊಲಿಗೆ. ಆಸ್ಪತ್ರೆಗೆ ಎತ್ತಿಕೊಂಡು ಓಡಿದ್ದು ನಾನೇ, ಅಂಗಿಯೆಲ್ಲ ರಕ್ತ. ಆಮೇಲೆ ಈ ಬಿಳಿ ಮಾತ್ರೆ ದಿನಕ್ಕೆ ಎರಡರಂತೆ ಶುರುವಾಯಿತು. ಅಂದಿನಿಂದ ಒಂದು ಸಲವೂ ಬಿದ್ದಿಲ್ಲ.

ಕಿಟಕಿಯಲ್ಲಿ ಕೂರುವ ಕಾಂಪೌಂಡರ್ ಒಳ್ಳೆಯ ಮನುಷ್ಯ, ಆದರೆ ನಿಯಮದ ವಿಷಯದಲ್ಲಿ ನನ್ನ ಶಿಷ್ಯ.

“ಇಲ್ಲ ತಾಯಿ, ಫಿಟ್ಸಿಗೆ ಮಾತ್ರೆ ಇಲ್ಲ,” ಅಂದ.

“ನಿಮ್ಮ ಬೆನ್ನ ಹಿಂದೆ ಅದೇ ಮಾತ್ರೆ ಇದೆಯಲ್ಲಪ್ಪ. ಡಬ್ಬಿ ಕಾಣಿಸ್ತಿದೆ.”

“ಅದು ಚೇಷ್ಟೆಗೆ. ನಿಮ್ಮ ಮಗಳು ಚೇಷ್ಟೆ ಮಾಡ್ತಾಳಾ?”

“ಇಲ್ಲ.”

“ಸ್ವಲ್ಪಾನೂ?”

“ಸ್ವಲ್ಪಾನೂ ಇಲ್ಲ.”

“ಹಾಗಾದ್ರೆ ಕಷ್ಟ ತಾಯಿ,” ಎಂದು ಅವನು ನಿಜವಾಗಿಯೂ ಮರುಗಿದ.

ಅಕ್ಕ ಸೀದಾ ನನ್ನ ಮೇಜಿಗೆ ಬಂದಳು. ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಅವತ್ತು ಮೆಲ್ಲಗೆ ಮಾತಾಡಿದಳು. ಅದು ಇನ್ನೂ ಹೆದರಿಕೆ.

“ಮನೇಲಿ ಇಪ್ಪತ್ತೊಂದು ಮಾತ್ರೆ ಉಳಿದಿದೆ. ಹತ್ತೂವರೆ ದಿನ. ಹೊರಗಿನ ನಾಲ್ಕೂ ಅಂಗಡಿ ಸುತ್ತಿ ಬಂದೆ. ಎಲ್ಲ ಸರಕೂ ನಿಮ್ಮ ಉಗ್ರಾಣಕ್ಕೇ ಹೋಯ್ತು ಅಂತಾರೆ. ಏನೋ ಇದು?”

ನಾನು ರಿಜಿಸ್ಟರ್ ತೆಗೆದು ಆರನೇ ಕಾಲಂ ತೋರಿಸಿದೆ. ಎರಡು ಬೆರಳು ಇಟ್ಟು ಅಗಲವನ್ನೂ ತೋರಿಸಿದೆ.

“ಈ ಗೆರೆ ಹಾಕಿದ್ದು ಯಾರು?”

“ನಾನೇ.”

“ಹಾಗಾದ್ರೆ ಇನ್ನೊಂದು ಹಾಕು.”

“ಅಕ್ಕ, ಗೆರೆ ವರ್ಷದ ಮೊದಲ ದಿನ ಹಾಕೋದು. ನಡುವೆ ಹಾಕಿದ್ರೆ ಅದು ತಿದ್ದುಪಡಿ. ತಿದ್ದುಪಡಿಗೆ ಕೇಂದ್ರ ಕಚೇರಿ ಒಪ್ಪಿಗೆ ಬೇಕು, ಅದಕ್ಕೆ ಹದಿನಾಲ್ಕು ತಿಂಗಳು...”

ಅಕ್ಕ ರಿಜಿಸ್ಟರನ್ನು ನನ್ನ ಕಡೆಗೆ ತಳ್ಳಿದಳು. “ನಿನ್ನ ಅಂಗಿ ರಕ್ತ ಒಗೆದವಳು ನಾನು,” ಅಂದಳು. ಆ ಅಂಗಿ ನನಗೆ ಚೆನ್ನಾಗಿ ನೆನಪಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ಕೈ ಸ್ಕೇಲಿನ ಕಡೆ ಹೋಗಲಿಲ್ಲ. ಇಪ್ಪತ್ತಾರು ವರ್ಷದ ಕೈ ಅದು.

ನಾನು ಸುಮ್ಮನೆ ಕೂತೆ ಅಂತ ಯಾರೂ ತಿಳಿಯಬಾರದು. ಸಾಹೇಬರ ಬಳಿ ಹೋಗಿ ಪೆಟ್ಟಿಗೆಗಳ ಸಂದಿಯಿಂದ ವಿಷಯ ನಿವೇದಿಸಿದೆ. ಅವರು ಸಹಾನುಭೂತಿಯಿಂದ ಕೇಳಿದರು.

“ನೋಡಿ, ಮೂರ್ಛೆರೋಗಿ ಒಬ್ಬರು ಇದ್ದಾರೆ ಅಂತ ಒಪ್ಪಿಕೊಂಡ್ರೆ, ಅವರಿಗೆ ಔಷಧ ಇಲ್ಲ ಅಂತ ಬರೀಬೇಕಾಗುತ್ತೆ. ಔಷಧ ಇಲ್ಲ ಅನ್ನೋ ಹಾಗಿಲ್ಲ, ನಲವತ್ತೆರಡು ಪೆಟ್ಟಿಗೆ ಬಂದಿದೆ. ಆದ್ದರಿಂದ ರೋಗಿ ಇಲ್ಲ. ನನ್ನ ಕೈಲೇನಿದೆ ಹೇಳಿ?”

“ಅವಳು ನನ್ನ ಸೋದರ ಸೊಸೆ ಸರ್.”

“ಹಾಗಾದ್ರೆ ಮುಂದಿನ ವಾರ ಬುಧವಾರದ ಸಮಿತಿಗೆ ಹಾಕಿಸಿ. ಮಗು ಐದು ಲಕ್ಷಣ ತೋರಿಸಲಿ. ಅಕಸ್ಮಾತ್ ನಮ್ಮ ಮುಂದೇನೇ ಬಿದ್ದುಬಿಟ್ಟಳು ಅಂತಿಟ್ಕೊಳ್ಳಿ, ನೆಲದ ಮೇಲೆ ಹೊರಳುವುದು ಅಂತ ಅದನ್ನೂ ಒಂದಾಗಿ ತಗೊಳ್ಳೋಣ. ನಾನು ತಕರಾರು ಮಾಡಲ್ಲ.”

ಇದು ಅವರ ದೊಡ್ಡ ಮನಸ್ಸು. ಇದನ್ನು ನಾನು ಅಕ್ಕನಿಗೆ ಹೇಳಲಿಲ್ಲ.

ಆ ಬುಧವಾರಕ್ಕೆ ಒಂಬತ್ತು ದಿನವಿತ್ತು. ಮನೆಯಲ್ಲಿ ತರಬೇತಿ ಶುರುವಾಯಿತು. ನೆಟ್ಟಗೆ ಕೂತ್ಕೋ, ತುಟಿ ಎರಡು ಮಾಡಬೇಡ ಎಂದು ಒಂಬತ್ತು ವರ್ಷ ಹೇಳಿಕೊಟ್ಟಿದ್ದ ಅಕ್ಕ, ಈಗ ಸೆರಗು ಸಿಕ್ಕಿಸಿಕೊಂಡು ಮಗಳಿಗೆ ಕುರ್ಚಿ ಅಲ್ಲಾಡಿಸುವುದು ಹೇಗೆಂದು ತೋರಿಸಿದಳು. ಗೊಂಬೆ ಎಲ್ಲವನ್ನೂ ಶ್ರದ್ಧೆಯಿಂದ ಕಲಿತಳು, ತೊಂದರೆಯೇ ಅದು. ಅವಳು ಹೊಸ ನೋಟ್‌ಬುಕ್ಕಿನಲ್ಲಿ ನನ್ನ ಹಾಗೆಯೇ ಸ್ಕೇಲಿಟ್ಟು ಗೆರೆ ಹಾಕಿ, ಒಂಬತ್ತು ಲಕ್ಷಣ ಬರೆದು, ಒಂದೊಂದರ ಮುಂದೆ ಅಭ್ಯಾಸ ಮಾಡಿದ ತಾರೀಕು ಹಾಕುತ್ತಿದ್ದಳು.

“ಮಾಮ, ಜಡೆ ಎಳೆಯೋದು ಅಂದ್ರೆ ನೋವಾಗೋಷ್ಟಾ, ಆಗದೇ ಇರೋಷ್ಟಾ?”

“ನಿಯಮದಲ್ಲಿ ಹೇಳಿಲ್ಲಮ್ಮ.”

“ಹಾಗಾದ್ರೆ ಆಗದೇ ಇರೋಷ್ಟು ಎಳೀತೀನಿ.”

ಒಂದು ಸಂಜೆ ಬೆಂಚಿನ ಕೆಳಗೆ ಹೋಗುವ ಅಭ್ಯಾಸಕ್ಕೆಂದು ಊಟದ ಮೇಜಿನ ಕೆಳಗೆ ಕೂತಿದ್ದವಳು ಅಲ್ಲಿಂದಲೇ ಕೇಳಿದಳು, “ಮಾಮ, ನಾನು ಕೆಟ್ಟವಳಾದ್ರೆ ಬೀಳಲ್ಲ, ಅಲ್ವಾ?” ನಾನು ಹೂಂ ಅಂದೆ. ಅಕ್ಕ ಅಡಿಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟಳು.

ಬುಧವಾರ ಬೆಳಿಗ್ಗೆಯ ಮಾತ್ರೆ ನುಂಗಿದ ಮೇಲೆ ಡಬ್ಬಿಯಲ್ಲಿ ಮೂರು ಉಳಿದವು. ಸಮಿತಿ ಹತ್ತೂವರೆಗೆ ತರಗತಿಗೆ ಬಂತು. ಸಾಹೇಬರು ಕುರ್ಚಿಯಲ್ಲಿ, ಡಾಕ್ಟರಮ್ಮ ಸ್ಟೂಲಿನಲ್ಲಿ, ನಿರ್ಣಯವನ್ನು ಅಲ್ಲೇ ನಮೂದಿಸಲೆಂದು ರಿಜಿಸ್ಟರ್ ಹಿಡಿದು ನಾನು ಗೋಡೆಯ ಪಕ್ಕದ ಬೆಂಚಿನಲ್ಲಿ. ತರಗತಿಯಲ್ಲಿ ಆಗಲೇ ಪ್ರಮಾಣಪತ್ರ ಪಡೆದಿದ್ದ ಮಕ್ಕಳು ತೋಳಿನ ಮೇಲೆ ತಲೆಯಿಟ್ಟು ಗಮನ ಹರಿಸುತ್ತಿದ್ದರು.

“ಸುಳ್ಳು ಹೇಳೋಕೆ ನನಗೆ ಬರಲ್ಲ ಸರ್,” ಎಂದು ಟೀಚರ್ ಮೊದಲೇ ಹೇಳಿದರು. “ಈ ತರಗತಿಯಲ್ಲಿ ಪಾಠ ಕೇಳೋಳು ಇವಳೊಬ್ಬಳೇ.”

“ಅದನ್ನ ಸಮಿತಿ ನಿರ್ಧರಿಸುತ್ತೆ,” ಅಂದರು ಸಾಹೇಬರು. “ಶುರು ಮಾಡಮ್ಮ.”

ಗೊಂಬೆ ಎದ್ದು ನಿಂತು ಕೈಕಟ್ಟಿದಳು. “ಟೀಚರ್, ನಾನು ಕಿಟಕಿಯಾಚೆ ನೋಡಲಾ?”

“ನೋಡಮ್ಮ.”

ನೋಡಿದಳು. ಹೊರಗೆ ಒಂದು ಸೈಕಲ್ ಇತ್ತು. ಸಾಹೇಬರು ತಲೆಯಾಡಿಸಿದರು. “ಅನುಮತಿ ಪಡೆದು ಮಾಡಿದ್ದು ಚೇಷ್ಟೆಯಲ್ಲ, ಚಟುವಟಿಕೆ. ಮುಂದಕ್ಕೆ.”

ಬೆಂಚು ಅಲ್ಲಾಡಿಸಲು ಹೋದಳು, ಪಕ್ಕದಲ್ಲಿ ಮಲಗಿದ್ದ ಹುಡುಗಿಗೆ ಎಚ್ಚರವಾದೀತೆಂದು ಕೈ ಬಿಟ್ಟಳು. ಜಡೆ ಎಳೆಯುವ ಬದಲು ಆ ಹುಡುಗಿಯ ಕತ್ತು ನೋಯದಂತೆ ತಲೆಯ ಕೆಳಗೆ ಒಂದು ಪುಸ್ತಕ ಇಟ್ಟಳು. ಬೆಂಚಿನ ಕೆಳಗೆ ಹೋದವಳು ಅಲ್ಲಿ ಬಿದ್ದಿದ್ದ ಪೆನ್ಸಿಲ್ ಎತ್ತಿಕೊಂಡು ಬಂದು ಟೀಚರಿಗೆ ಒಪ್ಪಿಸಿದಳು. ಕರೆದಾಗಲೆಲ್ಲ ತಿರುಗಿದಳು. ಡಾಕ್ಟರಮ್ಮ ಒಂದೊಂದಕ್ಕೂ “ಇದನ್ನ ಕೊಡಬಹುದು” ಅನ್ನುತ್ತಿದ್ದರು, ಸಾಹೇಬರು ಕೊಡುತ್ತಿರಲಿಲ್ಲ.

ಕೊನೆಗೆ ಗೊಂಬೆ ಸಾಹೇಬರನ್ನೇ ಕೇಳಿದಳು. “ಸರ್, ಅಷ್ಟೊಂದು ಪೆಟ್ಟಿಗೆ ಇದ್ರೂ ನನ್ನ ಮಾತ್ರೆ ಯಾಕಿಲ್ಲ?”

ಸಾಹೇಬರು ಚಾವಣಿ ನೋಡಿದರು, ಮಂಡಿ ಒತ್ತಿಕೊಂಡರು. “ಉತ್ತರ ಗೊತ್ತಿಲ್ಲದ ಪ್ರಶ್ನೆ. ಒಂದು ಬರ್ಕೊಳ್ಳಿ,” ಅಂದರು. “ಒಂದು ಸಾಲದಲ್ಲ. ಮುಂದಿನ ಸಮಿತಿ ಮೂರು ತಿಂಗಳ ಮೇಲೆ. ಆಗ ಬಾಮ್ಮ, ಚೆನ್ನಾಗಿ ತಯಾರಿ ಮಾಡ್ಕೊಂಡು ಬಾ.”

ಬಾಗಿಲ ಹೊರಗೆ ನಿಂತಿದ್ದ ಅಕ್ಕನ ಕಡೆ ನಾನು ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ‘ತಿರಸ್ಕೃತ’ ಎಂದು ಬರೆಯಲು ರಿಜಿಸ್ಟರ್ ಬಿಚ್ಚಿದೆ. ಮೂರು ಮಾತ್ರೆ, ಮೂರು ತಿಂಗಳು ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು. ಪೆನ್ನು ಕಚ್ಚಿಕೊಂಡು ಸರಿಯಾದ ಪುಟ ಹುಡುಕುತ್ತಿದ್ದಾಗ ನನ್ನ ಬೆಂಚಿನ ಪಕ್ಕ ಎರಡು ಜಡೆ ಕಂಡವು.

ಗೊಂಬೆ ನನ್ನ ತೊಡೆಯ ಮೇಲಿಂದ ರಿಜಿಸ್ಟರ್ ಎತ್ತಿಕೊಂಡಳು. ಕೇಳಲಿಲ್ಲ. ಸ್ಕೇಲು ತೆಗೆದುಕೊಂಡಳು, ಬಾಯಿಂದ ಪೆನ್ನನ್ನೂ ತೆಗೆದುಕೊಂಡಳು. ತನ್ನ ಬೆಂಚಿಗೆ ಹೋಗಿ ಕೂತು, ಆರನೇ ಕಾಲಮ್ಮಿನ ನಟ್ಟನಡುವೆ, ಮೇಲಿಂದ ಕೆಳಕ್ಕೆ, ಒಂದು ಗೆರೆ ಎಳೆದಳು. “ಏಯ್ ಮಗು,” ಅಂದರು ಸಾಹೇಬರು. ತಿರುಗಲಿಲ್ಲ. ನಾನು ‘ಚೇಷ್ಟೆ’ ಎಂದು ಬರೆದಿದ್ದ ಸಾಲಿನಲ್ಲಿ, ಹೊಸ ಗೆರೆಯ ಪಕ್ಕದ ಖಾಲಿ ಜಾಗದಲ್ಲಿ, ‘ಫಿಟ್ಸ್’ ಎಂದು ಬರೆದಳು. ಬರೆದ ಮೇಲೆ ಶಾಯಿ ಒಣಗಲೆಂದು ಊದಿದಳು.

ತರಗತಿ ಸ್ತಬ್ಧವಾಯಿತು, ಮೊದಲೇ ಅರ್ಧ ಆಗಿತ್ತು.

“ಸರ್ಕಾರಿ ದಾಖಲೆ,” ಎಂದರು ಸಾಹೇಬರು. ಮಂಡಿನೋವು ಮರೆತು ಎದ್ದು ನಿಂತಿದ್ದರು. “ನನ್ನ ಸರ್ವಿಸ್ಸಿನಲ್ಲಿ ಇಂಥ ಚೇಷ್ಟೆ ನೋಡಿಲ್ಲ. ಕೇಳದೆ ವಸ್ತು ತಗೊಂಡಳು, ಕರೆದ್ರೆ ತಿರುಗಲಿಲ್ಲ, ಬಾಯಲ್ಲಿ ಸದ್ದು ಮಾಡಿದಳು...”

“ಊದಿದ್ದು ಸರ್,” ಅಂದರು ಟೀಚರ್.

“ಸದ್ದು ಬಂತು. ಐದು ಎಣಿಸೋ ಅಗತ್ಯವೇ ಇಲ್ಲ. ಅತಿತೀವ್ರ ಅಂತ ಬರೀರಿ.”

ಡಾಕ್ಟರಮ್ಮ ಅವರ ಮಾತು ಮುಗಿಯುವ ಮೊದಲೇ ಸಹಿ ಹಾಕಿಬಿಟ್ಟಿದ್ದರು. ಡೋಸಿನ ಜಾಗದಲ್ಲಿ ಗೊಂಬೆಯ ಹಳೆಯ ಡೋಸನ್ನೇ ಬರೆದರು. ಹೀಗೆ ನನ್ನ ಸೋದರ ಸೊಸೆ ನಮ್ಮ ವ್ಯಾಪ್ತಿಯ ಅತ್ಯಂತ ಚೇಷ್ಟೆಯ ಮಗುವೆಂದು ಘೋಷಿತಳಾದಳು, ಸರ್ವಾನುಮತದಿಂದ. ಬಾಗಿಲಲ್ಲಿ ಅಕ್ಕ ಕಣ್ಣೊರೆಸಿಕೊಂಡು, “ನನ್ನ ಬಂಗಾರ,” ಅಂದಳು.

“ಆ ಅನಧಿಕೃತ ನಮೂದು ಹೊಡೆದುಹಾಕಿ,” ಎಂದು ಸಾಹೇಬರು ನನಗೆ ಅಪ್ಪಣೆ ಕೊಟ್ಟರು.

ನಾನು ರಿಜಿಸ್ಟರ್ ಇಸಿದುಕೊಂಡು ನೋಡಿದೆ. ಎರಡು ಬೆರಳಿನ ಕಾಲಂ ಒಂದೊಂದು ಬೆರಳಿನ ಎರಡು ಕಾಲಂ ಆಗಿತ್ತು. ಅವಳ ಅಕ್ಷರ ಚಿಕ್ಕದು. ‘ಫಿಟ್ಸ್’ ಒಂದು ಬೆರಳಿನಲ್ಲಿ ಹಿಡಿಸಿ, ಎರಡೂ ಬದಿಗೆ ಜಾಗ ಉಳಿದಿತ್ತು. ನನಗೆ ಜನ್ಮದಲ್ಲಿ ಅಷ್ಟು ನಾಚಿಕೆ ಆಗಿರಲಿಲ್ಲ. ಅಷ್ಟು ಹೆಮ್ಮೆಯೂ ಆಗಿರಲಿಲ್ಲ. ಸ್ಕೇಲಿಟ್ಟು ಹೊಡೆದುಹಾಕಿ ಚಿಕ್ಕ ಸಹಿ ಹಾಕಿದೆ.

ಉಳಿದ ಮೂವತ್ತು ಜನರ ವಿಷಯ ಹೇಳಿಬಿಡುತ್ತೇನೆ. ಅವರಲ್ಲಿ ಒಬ್ಬ ದರ್ಜಿ ಆ ವಾರವೇ ಕಿಟಕಿಯ ಮುಂದೆ ಬಿದ್ದು ಒದ್ದಾಡಿದ, ಕಾಂಪೌಂಡರ್ ‘ಸರದಿ ಮುರಿದರು’ ಎಂದು ಬರೆದುಕೊಂಡ. ಗೊಂಬೆಯ ಸುದ್ದಿ ಹಬ್ಬಿದ ಮೇಲೆ ಎಲ್ಲರೂ ಚೇಷ್ಟೆಗೆ ಅರ್ಜಿ ಹಾಕಿದರು. ನಮೂನೆ ಒಂಬತ್ತರಲ್ಲಿ ವಯಸ್ಸಿಗೆ ಕಾಲಂ ಹಾಕುವುದನ್ನು ನಾನು ಮರೆತಿದ್ದರಿಂದ ಅಡ್ಡಿಯಾಗಲಿಲ್ಲ. ಅರ್ಜಿಗಳು ಜಾಸ್ತಿಯಾದದ್ದರಿಂದ ಸಮಿತಿ ಈಗ ಪ್ರತಿ ತಿಂಗಳು ಕೂರುತ್ತದೆ. ಪ್ರತಿ ಶನಿವಾರ ಮೂರು ಗಂಟೆಗೆ ಶಾಲೆಯ ಹಿಂದಿನ ಕಟ್ಟೆಯಲ್ಲಿ ಗೊಂಬೆ ತರಬೇತಿ ನಡೆಸುತ್ತಾಳೆ. ಬಹಳ ಶಿಸ್ತಿನ ತರಗತಿ. ನಿವೃತ್ತ ಹೆಡ್‌ಮಾಸ್ತರೊಬ್ಬರು ಮೊದಮೊದಲು ಬೆಂಚಿನ ಕೆಳಗೆ ಹೋಗಲು ಸಂಕೋಚಪಡುತ್ತಿದ್ದರು, ಈಗ ಹೊರಗೆ ಬರುವುದಿಲ್ಲ. ದರ್ಜಿ ಎಲ್ಲರಿಗಿಂತ ಚೆನ್ನಾಗಿ ಸಿಳ್ಳೆ ಹಾಕುತ್ತಾನೆ. ಈಗ ಮೂವತ್ತೊಂದು ಜನಕ್ಕೂ ಮಾತ್ರೆ ಸಿಗುತ್ತಿದೆ, ಯಾರೂ ಬೀಳುತ್ತಿಲ್ಲ. ವ್ಯಾಪ್ತಿಯಲ್ಲಿ ಮೂರ್ಛೆ ಶೂನ್ಯ, ಚೇಷ್ಟೆ ಏರುಗತಿಯಲ್ಲಿದೆ, ಆದ್ದರಿಂದ ಇನ್ನೂ ಅರವತ್ತು ಪೆಟ್ಟಿಗೆ ಬೇಕೆಂದು ಸಾಹೇಬರು ಬರೆದರು, ಹಳೆಯವು ಅವಧಿಯೊಳಗೇ ಖರ್ಚಾಗಿ ಹೊಸವು ಬಂದವು. ಕೇಂದ್ರ ಕಚೇರಿಯವರು ಅವರನ್ನು ಕರೆಸಿ, ಕೂರಿಸಿ, ಸನ್ಮಾನ ಮಾಡಿದರು.

ಪ್ರಮಾಣಪತ್ರದ ಅವಧಿಯೂ ಈಗ ಒಂದು ತಿಂಗಳು. ಮಗು ಸುಧಾರಿಸಿದೆ ಎಂದು ಕಂಡರೆ ಮಾತ್ರೆ ನಿಲ್ಲುತ್ತದೆ. ಹಾಗಾಗಿ ಪ್ರತಿ ಒಂದನೇ ತಾರೀಕು ಸಮಿತಿಯ ಮುಂದೆ ನಾನು ರಿಜಿಸ್ಟರನ್ನು ಆ ತಿಂಗಳ ಹೊಸ ಪುಟದ ಆರನೇ ಕಾಲಮ್ಮಿಗೆ ಬಿಚ್ಚಿಟ್ಟು, ಪಕ್ಕದಲ್ಲಿ ಸ್ಕೇಲು ಮತ್ತು ಶಾಯಿ ತುಂಬಿದ ಪೆನ್ನು ಇಟ್ಟು, ನೀರು ಕುಡಿಯಲು ಹೊರಗೆ ಹೋಗುತ್ತೇನೆ. ಗೊಂಬೆ ಬಂದು ಗೆರೆ ಎಳೆದು ‘ಫಿಟ್ಸ್’ ಎಂದು ಬರೆಯುತ್ತಾಳೆ. ಸಮಿತಿ ಗಾಬರಿಯಾಗುತ್ತದೆ. ನಾನು ಬಂದು ಹೊಡೆದುಹಾಕುತ್ತೇನೆ. ಅವಳು ಮಾತ್ರೆ ಇಸಿದುಕೊಂಡು, ಎಲ್ಲರಿಗೂ ಬರ್ತೀನಿ ಹೇಳಿ, ಬಾಗಿಲನ್ನು ಮೆಲ್ಲಗೆ ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ. ಹನ್ನೆರಡು ತಿಂಗಳಲ್ಲಿ ಹನ್ನೆರಡು ಗೆರೆ ಎಳೆದಿದ್ದಾಳೆ. ಒಂದೂ ಸೊಟ್ಟಗಾಗಿಲ್ಲ.